ಕೌದಿಯ ಒಪ್ಪತ್ತು

ಏಪ್ರಿಲ್ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡೇ ಸಾಲು ಬರೆದುಕೊಂಡೆ. ಒಳಗೆ ಮಕ್ಕಳು ಹದಿನಾಲ್ಕು. ಹೊರಗೆ ಜಗಲಿಯಲ್ಲಿ ದೊಡ್ಡವರು ಹದಿನಾರು.

ಬಳ್ಳಾರಿಯ ನಮ್ಮ ಕಲಾ ಸಂಗ್ರಹಾಲಯ ದೊಡ್ಡದಲ್ಲ. ಮೂರು ಗ್ಯಾಲರಿ, ಒಂದು ಉಗ್ರಾಣ, ಮುಂದೆ ಉದ್ದನೆಯ ಜಗಲಿ. ಅಲ್ಲಿ ನನ್ನ ಕೆಲಸ ಭಾನುವಾರದ ಕುಟುಂಬ ಕಾರ್ಯಕ್ರಮ ನಡೆಸುವುದು. ಮಕ್ಕಳು ಮತ್ತು ಮನೆಯ ದೊಡ್ಡವರು ಒಟ್ಟಿಗೆ ಒಂದು ಕೃತಿಯ ಮುಂದೆ ಕೂತು ನೋಡಬೇಕು, ಮಾತಾಡಬೇಕು, ಆಮೇಲೆ ಕೈಯಿಂದ ಏನಾದರೂ ಮಾಡಬೇಕು. ಕಾಗದದ ಮೇಲೆ ಹೀಗಿತ್ತು. ನಡೆಯುತ್ತಿದ್ದದ್ದು ಬೇರೆ. ಮಕ್ಕಳನ್ನು ಬಾಗಿಲಲ್ಲಿ ನನಗೆ ಒಪ್ಪಿಸಿ ದೊಡ್ಡವರು ಜಗಲಿಯಲ್ಲಿ ಕೂರುತ್ತಿದ್ದರು. ಬಳ್ಳಾರಿಯ ಬಿಸಿಲು ಕಂಬದ ಬುಡಕ್ಕೆ ಬಂದರೆ ಇನ್ನೊಂದು ಕಂಬಕ್ಕೆ ಸರಿಯುತ್ತಿದ್ದರೇ ಹೊರತು ತಣ್ಣಗಿದ್ದ ಗ್ಯಾಲರಿಯೊಳಗೆ ಬರುತ್ತಿರಲಿಲ್ಲ. ಒಬ್ಬ ತಂದೆ ಹೊರಡುವಾಗ ನನ್ನನ್ನು ಕೇಳಿದ್ದು ಹೋಂವರ್ಕ್ ಏನಾದರೂ ಇದೆಯೇ ಎಂದು. ಅವರ ಲೆಕ್ಕದಲ್ಲಿ ಇದು ಇನ್ನೊಂದು ಟ್ಯೂಷನ್.

ನಾನು ಎರಡು ಪ್ರಯತ್ನ ಮಾಡಿದ್ದೆ. ಮೊದಲು ಒಳಗೆ ಕುರ್ಚಿ ಹಾಕಿಸಿದೆ. ಬಂದು ಕುರ್ಚಿಯಲ್ಲಿ ಕೂತು ಫೋನ್ ನೋಡಿದರು. ಆಮೇಲೆ ತಂದೆತಾಯಿಯೂ ಬರೆಯಬೇಕಾದ ಹಾಳೆ ಅಚ್ಚು ಹಾಕಿಸಿದೆ. ಮಕ್ಕಳ ಪಾಲಿನದನ್ನೂ ಅವರೇ ಬರೆದುಕೊಟ್ಟರು, ಶಾಲೆಯ ಪ್ರಾಜೆಕ್ಟ್ ಮಾಡಿಕೊಟ್ಟ ಹಾಗೆ. ಆಗಸ್ಟ್ ಕೊನೆಗೆ ಟ್ರಸ್ಟಿಗಳ ಸಭೆಯಿತ್ತು. ಈ ಕಾರ್ಯಕ್ರಮ ಇರಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ ಎಂದು ನಿರ್ದೇಶಕರು ತಿಳಿಸಿದ್ದರು.

ಜಗಲಿಯಲ್ಲಿ ಕೂರುತ್ತಿದ್ದವರಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಕುರುಗೋಡಿನವರು. ಮಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿದ್ದ. ಶನಿವಾರ ಸಂಜೆಯ ಬಸ್ಸಿಗೆ ಅವನ ಮನೆಗೆ ಬಂದು, ಭಾನುವಾರ ಮೊಮ್ಮಗಳನ್ನು ನಮ್ಮಲ್ಲಿಗೆ ಕರೆತರುತ್ತಿದ್ದರು. ಉಳಿದವರು ಫೋನ್ ನೋಡುವಾಗ ಇವರು ತೊಡೆಯ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದರು. ಹಳೆಯ ಸೀರೆಗಳ ನಡುವೆ ಹಳೆಯ ಬಟ್ಟೆಗಳನ್ನು ಪದರವಾಗಿ ಇಟ್ಟು, ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ನಮ್ಮ ಮನೆಯಲ್ಲೂ ಎರಡಿದ್ದವು. ಹೊದ್ದಿದ್ದೆ, ಹೊಲಿಯುವುದನ್ನು ಎಂದೂ ಕೂತು ನೋಡಿರಲಿಲ್ಲ.

ಆ ಭಾನುವಾರ ಗಮನಿಸಿದ್ದು ಇಷ್ಟು: ಅವರ ಸುತ್ತ ಮೂವರು ಹೆಂಗಸರು ಫೋನ್ ಬದಿಗಿಟ್ಟು ಮಾತಿಗೆ ಕೂತಿದ್ದರು. ಒಬ್ಬಾಕೆ ಇನ್ನೊಂದು ಸೂಜಿ ತೆಗೆದುಕೊಂಡು ಇನ್ನೊಂದು ಅಂಚಿನಿಂದ ಹೊಲಿಯತೊಡಗಿದ್ದಳು. ಒಳಗಿದ್ದ ಇಬ್ಬರು ಮಕ್ಕಳು ನಾನು ತೋರಿಸುತ್ತಿದ್ದ ಚಿತ್ರ ಬಿಟ್ಟು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.

ಮರುದಿನ ನಿರ್ದೇಶಕರಿಗೆ ಒಂದು ಪುಟದ ಪ್ರಸ್ತಾವ ಕೊಟ್ಟೆ. ಐದು ಭಾನುವಾರ, ಎರಡನೆಯ ಗ್ಯಾಲರಿಯ ನೆಲದ ಮೇಲೆ, ಎಲ್ಲ ಮನೆಗಳೂ ಸೇರಿ ಒಂದು ಕೌದಿ ಹೊಲಿಯುವುದು. ಮುಗಿದ ಮೇಲೆ ಅದೇ ಗ್ಯಾಲರಿಯಲ್ಲಿ ಮೂರು ತಿಂಗಳು ತೂಗುಹಾಕುವುದು. ಅವರು ಒಪ್ಪಿದರು, ಸಂಗ್ರಹಪಾಲಕಿಯ ಷರತ್ತುಗಳಿಗೆ ಒಳಪಟ್ಟು.

ಸಂಗ್ರಹಪಾಲಕಿ ಎಂದರೆ ನಮ್ಮಲ್ಲಿರುವ ವಸ್ತುಗಳ ಆರೋಗ್ಯ ನೋಡಿಕೊಳ್ಳುವಾಕೆ. ಆಗ ಎರಡನೆಯ ಗ್ಯಾಲರಿಯಲ್ಲಿ ಬೇರೊಂದು ಸಂಸ್ಥೆಯಿಂದ ಎರವಲು ತಂದ ಹಳೆಯ ತೊಗಲುಗೊಂಬೆಗಳಿದ್ದವು. ತೊಗಲಿಗೆ ಹುಳದ ಭಯ. ಹಾಗಾಗಿ ಆಕೆಯ ಷರತ್ತುಗಳು ಉದ್ದವಿದ್ದವು. ಹೊರಗಿನಿಂದ ಬರುವ ಪ್ರತಿ ಬಟ್ಟೆಯನ್ನು ಒಗೆದು, ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಮುಚ್ಚಿ, ಎರಡು ವಾರ ಡೀಪ್ ಫ್ರೀಜರಿನಲ್ಲಿ ಇಡಬೇಕು. ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥದೇ ಫ್ರೀಜರು, ಉಗ್ರಾಣದ ಮೂಲೆಯಲ್ಲಿತ್ತು. ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯಬೇಕು. ಕೈಚೀಲ ಹೊರಗಿಡಬೇಕು. ಗ್ಯಾಲರಿಯೊಳಗೆ ಯಾವ ತಿನಿಸೂ ಬರಕೂಡದು.

ಹನ್ನೊಂದು ಮನೆಗಳು ಬಟ್ಟೆ ಕೊಟ್ಟವು. ಧೋತರ, ಲುಂಗಿ, ಶಾಲೆಯ ಸಮವಸ್ತ್ರ, ಒಬ್ಬರ ಮದುವೆಯ ಅಂಗಿ. ಮೋಕದಿಂದ ಬರುತ್ತಿದ್ದ ಒಬ್ಬ ಹೆಂಗಸು, ಎಲ್ಲರನ್ನೂ ನಗಿಸುವಾಕೆ, ಫ್ರೀಜರಿನ ಮುಚ್ಚಳ ಮುಚ್ಚುವುದನ್ನು ನೋಡಿ ಹೇಳಿದಳು: “ನಮ್ಮ ಮಾವನ ಧೋತ್ರಕ್ಕ ಬಳ್ಳಾರ್ಯಾಗ ತಂಪನೆ ರೂಮು ಸಿಕ್ತು ನೋಡ್ರಿ. ಮಾವಗ ಮಾತ್ರ ಸಿಗವಲ್ದು.”

ಮೇ ತಿಂಗಳ ಮಧ್ಯದಿಂದ ಹೊಲಿಗೆ ಶುರುವಾಯಿತು. ಕುರುಗೋಡಿನ ಅಜ್ಜಿ ತಮ್ಮದೊಂದು ಇಳಕಲ್ ಸೀರೆಯನ್ನು ತಳಕ್ಕೆ ಹಾಸಿದರು. ಆರಡಿ ಉದ್ದ, ನಾಲ್ಕಡಿ ಅಗಲ. ಘಟಕಗಳಿಂದ ತಂದ ಜೀನ್ಸ್ ತುಂಡುಗಳನ್ನು ಒಳಗೆ ಹಾಕೋಣವೆಂದು ನಾನು ಹೇಳಿದ್ದೆ. ಬಳ್ಳಾರಿಯ ಗುರುತು ಇರಲಿ ಎಂಬ ಲೆಕ್ಕ. ಮೊದಲ ದಿನವೇ ನಾಲ್ಕು ಸೂಜಿ ಮುರಿದವು. ಅಜ್ಜಿ ಜೀನ್ಸ್ ತುಂಡುಗಳನ್ನೆಲ್ಲ ಹೊರಗೆಳೆದು ಅಂಚಿಗೆ ಮಾತ್ರ ಇಟ್ಟರು. ಅಂಚನ್ನು ಗೋಣಿಚೀಲ ಹೊಲಿಯುವ ದಬ್ಬಣದಿಂದ ಹೊಲಿದರು. ಮಕ್ಕಳಿಗೆ ದಾರ ಪೋಣಿಸುವ ಕೆಲಸ, ದೊಡ್ಡ ಮಕ್ಕಳಿಗೆ ಸಾಲು ಹೊಲಿಗೆ. ಯಾರ ಹೊಲಿಗೆ ಯಾರದು ಎಂದು ಗೊತ್ತಾಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುವವರೂ ಇದ್ದರು, ಹಾಗೇ ಇರಲಿ ಎನ್ನುವವರೂ ಇದ್ದರು. ಎರಡನೆಯ ವಾರಕ್ಕೆ ತಂದೆಯರೂ ಒಬ್ಬೊಬ್ಬರಾಗಿ ಒಳಗೆ ಬಂದು, ಬಟ್ಟೆಯ ಅಂಚು ಹಿಡಿದು ಕೂತರು.

ಕೌದಿ ಕೊನೆಗೆ ಯಾರಿಗೆ ಹೋಗಬೇಕು ಎಂಬ ಪ್ರಶ್ನೆ ಮೂರನೆಯ ವಾರ ಬಂತು. ಚೀಟಿ ಎತ್ತೋಣ ಎಂದೆ. ಮೋಕದಾಕೆ ನನ್ನನ್ನು ಬದಿಗೆ ಕರೆದು ಚೀಟಿ ಬೇಡ ಎಂದಳು. ಅಜ್ಜಿಯ ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಮೊದಲ ಬಾಣಂತನ ಕುರುಗೋಡಿನಲ್ಲೇ ಆಗಿತ್ತು. ಮಗು ಹನ್ನೆರಡು ದಿನ ಇತ್ತು, ಉಳಿಯಲಿಲ್ಲ. ಈಗ ಮತ್ತೆ ಬಸುರಿ. ಶ್ರಾವಣ ಕಳೆದ ಮೇಲೆ ದಿನ ತುಂಬುತ್ತದೆ. ಓಡಾಟ ಕೂಡದು ಎಂದು ಸಿರುಗುಪ್ಪದ ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತರುವಂತಿರಲಿಲ್ಲ. “ಈ ಸಲ ತವರಿಂದ ಹೋಗಾದು ಅದೊಂದ ಕೌದಿ. ಎಲ್ಲಾರೂ ಮಾತಾಡಿಕೊಂಡೀವಿ, ನೀವು ಹ್ಞೂಂ ಅನ್ರಿ” ಎಂದಳು. ನಾನು ಒಪ್ಪಿಗೆ ಪತ್ರ ಸಿದ್ಧ ಮಾಡಿದೆ. ಪ್ರದರ್ಶನ ಮುಗಿದ ಮೇಲೆ ಅಥವಾ ಮಗು ಹುಟ್ಟಿದ ಮೇಲೆ, ಯಾವುದು ಮೊದಲೋ ಆಗ, ಕೌದಿ ಸಿರುಗುಪ್ಪಕ್ಕೆ. ಹನ್ನೊಂದು ಮನೆಯವರೂ ಸಹಿ ಹಾಕಿದರು. ನಿರ್ದೇಶಕರೂ ಹಾಕಿದರು.

ಐದನೆಯ ಭಾನುವಾರ ಅಂಚು ಮುಗಿಯುತ್ತ ಬಂತು. ಕೆಳಗಿನ ಎಡ ಮೂಲೆಯಲ್ಲಿ ಅಂಗೈ ಅಗಲದ ಜಾಗವನ್ನು ಅಜ್ಜಿ ಕೊನೆಯವರೆಗೂ ಹೊಲಿಯದೆ ಬಿಟ್ಟಿದ್ದರು. ಒಳಗಿನ ಬಟ್ಟೆ ಸರಿಪಡಿಸಲು ಇರಬೇಕು ಎಂದುಕೊಂಡೆ. ಕೇಳಲಿಲ್ಲ. ಆ ಮೂಲೆ ಮುಚ್ಚುವಾಗ ಹೆಂಗಸರೆಲ್ಲ ಸುತ್ತ ಬಾಗಿದ್ದರು. ನಾನು ಮೆಟ್ಟಿಲೇಣಿಯ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದೆ. ಸೂಜಿ ಎಣಿಸಿ ತೆಗೆದುಕೊಂಡೆ. ಜೂನ್ ಮೂರನೆಯ ವಾರ ಕೌದಿ ಗೋಡೆಗೆ ಏರಿತು. ಪಕ್ಕದ ಫಲಕದಲ್ಲಿ ನಾನೇ ಬರೆದ ವಿವರ: ಹನ್ನೊಂದು ಮನೆಗಳ ಹಳೆಯ ಬಟ್ಟೆ, ಜೀನ್ಸ್ ತುಂಡು, ಹತ್ತಿ ದಾರ.

ಐದು ವಾರ ಎಲ್ಲವೂ ಸರಿಯಿತ್ತು. ಜುಲೈ ಕೊನೆಯ ಸೋಮವಾರ ಸಂಗ್ರಹಪಾಲಕಿ ನನ್ನನ್ನು ಗ್ಯಾಲರಿಗೆ ಕರೆದಳು. ಗೋಡೆಯ ಬುಡದಲ್ಲಿ ಆಕೆ ಅಂಟುಕಾಗದದ ಸಣ್ಣ ಬಲೆಗಳನ್ನು ಇಡುತ್ತಾಳೆ. ವಾರಕ್ಕೊಮ್ಮೆ ಅದರಲ್ಲಿ ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡಿ ಬರೆದುಕೊಳ್ಳುತ್ತಾಳೆ. ಕೌದಿಯ ಕೆಳಗಿನ ಬಲೆಯಲ್ಲಿ ಎಳ್ಳಿನಷ್ಟು ದೊಡ್ಡ ಕಂದು ಹುಳ ಮೂರು ಇದ್ದವು. ನೆಲದ ಮೇಲೆ, ಎಡ ಮೂಲೆಯ ನೇರಕ್ಕೆ, ಚಿಟಿಕೆಯಷ್ಟು ಹಿಟ್ಟಿನಂಥ ಪುಡಿ. ಡಬ್ಬಿಯ ಹಿಟ್ಟಿನಲ್ಲಿ ಆಗುವ ಹುಳ ಎಂದಳು. ಹಿಟ್ಟು ಮುಗಿದರೆ ತೊಗಲಿಗೂ ಬಾಯಿ ಹಾಕುತ್ತದೆ. ಗೊಂಬೆಗಳು ಅಲ್ಲಿಂದ ಹದಿನೈದು ಹೆಜ್ಜೆ ದೂರದಲ್ಲಿದ್ದವು.

“ಈ ಮೂಲ್ಯಾಗ ಏನೈತಿ ಸರ್?” ಎಂದು ಕೇಳಿದಳು.

ಬಟ್ಟೆ ಮಾತ್ರ ಎಂದೆ. ಎರಡು ವಾರ ಫ್ರೀಜರಿನಲ್ಲಿದ್ದ ಬಟ್ಟೆ. ಆಕೆ ಮೂಲೆಯನ್ನು ಬೆರಳಿನಿಂದ ಒತ್ತಿ ನನಗೂ ಒತ್ತಲು ಹೇಳಿದಳು. ಒಳಗೆ ಏನೋ ಗಟ್ಟಿಯಾದದ್ದು ಪುಡಿಯಾಯಿತು.

ಕಚೇರಿಗೆ ಹೋಗಿ ಐದನೆಯ ಭಾನುವಾರದ ಫೋಟೊಗಳನ್ನು ತೆರೆದೆ. ಅವುಗಳಲ್ಲಿ ಒಂದನ್ನು ನಮ್ಮ ವಾರ್ತಾಪತ್ರಕ್ಕೆ ನಾನೇ ಆರಿಸಿದ್ದೆ. ಅಳತೆಗೆ ಕತ್ತರಿಸಿ, ಅಡಿಬರಹ ಬರೆದು, ಎರಡು ಸಲ ಕರಡು ತಿದ್ದಿದ್ದೆ. ಅದೇ ಫೋಟೊದ ನಡುವೆ ಅಜ್ಜಿಯ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಬೆರಳುಗಳ ನಡುವೆ ಜೋಳದ ಕಟಕ ರೊಟ್ಟಿಯ, ಎಂದರೆ ಗರಿಗರಿ ಒಣಗಿಸಿದ ರೊಟ್ಟಿಯ, ಚೂರು. ಸೆರಗಿನ ಗಂಟು ಬಿಚ್ಚಿತ್ತು. ಕೈಚೀಲಗಳನ್ನು ಹೊರಗಿಡಿಸಿದ್ದ ನಾವು ಸೆರಗಿನ ಗಂಟನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸುತ್ತ ನಿಂತ ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಇಲ್ಲಿಗೆ ಬರುವ ಮೊದಲು ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಫೋಟೊ ನೋಡಿದವನು ನಾನು. ಮುಖಗಳನ್ನು ನೋಡಿದ್ದೆ, ಕೈ ನೋಡಿರಲಿಲ್ಲ.

ನಿರ್ದೇಶಕರ ನಿರ್ಧಾರ ಹತ್ತು ನಿಮಿಷದಲ್ಲಿ ಬಂತು. ಕೌದಿಯನ್ನು ಇಳಿಸಿ ಇವತ್ತೇ ಫ್ರೀಜರಿಗೆ ಹಾಕುವುದು. ಗೊಂಬೆಗಳ ಸಂಸ್ಥೆಗೆ ಪತ್ರ ಬರೆಯುವುದು. ಎರಡು ವಾರದ ನಂತರ ಮೂಲೆ ಬಿಚ್ಚಿ, ಒಳಗಿನದನ್ನು ತೆಗೆದು, ಅದೇ ದಾರದಲ್ಲಿ ಹೊಲಿದು ಮತ್ತೆ ತೂಗುಹಾಕುವುದು. ಸಂಗ್ರಹಪಾಲಕಿಯ ಕೈಗೆಲಸ ಚೆನ್ನಾಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. “ಮನೆಯವರಿಗೆ ಹೇಳಿ ಯಾಕೆ ಬೇಜಾರು ಮಾಡ್ತೀರಿ? ನಾಲ್ಕು ಇಂಚಿನ ಹೊಲಿಗೆ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಟ್ರಸ್ಟಿಗಳು ಬರುವ ಹೊತ್ತಿಗೆ ಗೋಡೆಯ ಮೇಲೆ ಕೌದಿ ಇರಬೇಕಿತ್ತು. ಅದು ನನ್ನ ಕಾರ್ಯಕ್ರಮದ ಒಳ್ಳೆಯದಕ್ಕೇ.

ಮೊದಲ ಎರಡಕ್ಕೆ ಒಪ್ಪಿದೆ. ಮೂರನೆಯದಕ್ಕೆ ಎರಡು ದಿನ ಕೇಳಿದೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಹಳೆಯ ಪ್ರತಿಯನ್ನು ಗುಟ್ಟಾಗಿ ಬದಲಿಸುವುದಿಲ್ಲ. ಇಲ್ಲಿ ತಪ್ಪು ನನ್ನ ಫಲಕದ್ದು. ಅದರಲ್ಲಿ ಬಟ್ಟೆ ಇತ್ತು, ದಾರ ಇತ್ತು, ರೊಟ್ಟಿ ಇರಲಿಲ್ಲ.

ಬುಧವಾರ ಬೆಳಗಿನ ಬಸ್ಸಿಗೆ ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿ ಮನೆ. ರೊಟ್ಟಿ ಬಡಿಯುವ ಸದ್ದು ಬಾಗಿಲಿನವರೆಗೂ ಕೇಳುತ್ತಿತ್ತು. ನನ್ನನ್ನು ಕಂಡ ಕೂಡಲೇ ಅಜ್ಜಿ ಸಿರುಗುಪ್ಪದಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಿದರು. ಇಲ್ಲ, ಕೌದಿಯ ವಿಷಯ ಎಂದೆ. ಹಾಗಾದರೆ ಮೊದಲು ಉಣ್ಣಿ ಎಂದರು. ಬಿಸಿ ರೊಟ್ಟಿ, ಪುಂಡಿಪಲ್ಲೆ. ಉಂಡು ಕೈ ತೊಳೆದ ಮೇಲೆ ಕೇಳಿದೆ, ಮೂಲೆಯಲ್ಲಿ ಏನಾದರೂ ಇಟ್ಟಿದ್ದೀರಾ ಎಂದು.

“ರೊಟ್ಟಿ ಇಟ್ಟೀನಿ. ಇಡದ ಹೆಂಗ ಮುಚ್ಚಾದು?”

“ನಮಗ ಹೇಳಲಿಲ್ಲಲ್ಲ ಅಮ್ಮಾ.”

“ಅದರಾಗ ಹೇಳಾದೇನೈತಿ ತಮ್ಮಾ? ಎಲ್ಲಾರು ಅಲ್ಲೇ ಇದ್ರು. ನೀವೂ ಇದ್ರಿ, ಏಣಿ ಮ್ಯಾಲ.”

ಹುಳದ ವಿಷಯ ಹೇಳಿದೆ. ಮೊದಲು ನಕ್ಕರು. ಕೌದಿಗೆ ಅಂತ ಇಟ್ಟದ್ದನ್ನು ಹುಳ ಉಂಡಿತಲ್ಲ ಎಂದರು. ಆಮೇಲೆ ತೊಗಲುಗೊಂಬೆಗಳ ಬಗ್ಗೆ, ಫ್ರೀಜರಿನ ಬಗ್ಗೆ ಎಲ್ಲ ಹೇಳಿದೆ. ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಕೇಳಿಸಿಕೊಂಡರು. ಮುಂದೆ ಇರುವ ದಾರಿ ಎರಡು ಎಂದೆ. ಒಂದು, ಫ್ರೀಜರಿನಿಂದ ತೆಗೆದ ಕೂಡಲೇ ಕೌದಿಯನ್ನು ಹಾಗೇ ಅವರಿಗೆ ಕೊಟ್ಟುಬಿಡುವುದು. ಹುಳ ಸತ್ತಿರುತ್ತದೆ, ರೊಟ್ಟಿ ಒಳಗೇ ಇರುತ್ತದೆ. ಆದರೆ ಮತ್ತೆ ಗೋಡೆಗೆ ಏರುವುದಿಲ್ಲ. ಇನ್ನೊಂದು, ಮೂಲೆ ಬಿಚ್ಚಿ ರೊಟ್ಟಿ ತೆಗೆದು ಮತ್ತೆ ತೂಗುಹಾಕುವುದು.

“ನಿಮಗ ಯಾವುದು ಬೇಕು?” ಎಂದು ಕೇಳಿದರು.

ಗೋಡೆಯ ಮೇಲಿದ್ದರೆ ನನಗೆ ಅನುಕೂಲ ಎಂದು ಇದ್ದದ್ದನ್ನು ಹೇಳಿದೆ. ಉಳಿದ ಹತ್ತು ಮನೆಯವರು ನೆಂಟರನ್ನು ಕರೆತಂದು ತೋರಿಸುತ್ತಿದ್ದಾರೆ ಎಂಬುದನ್ನೂ ಹೇಳಿದೆ.

ಅವರು ಹಂಚಿನ ಕಡೆ ತಿರುಗಿದರು. ಎರಡು ರೊಟ್ಟಿ ಬೆಂದವು.

“ಹೊಟ್ಟಿ ಖಾಲಿ ಇದ್ದ ಕೌದಿ ಹೊಚ್ಚಬಾರದು ಅಂತ ನಮ್ಮವ್ವ ಹೇಳ್ತಿದ್ಲು. ತಾನ ಹಸದಿದ್ದು ಇನ್ನೊಬ್ಬರನ್ನ ಹೆಂಗ ಬೆಚ್ಚಗ ಇಟ್ಟೀತು? ಹೋದ ಸಲ ಕೂಸಿನ ಕೌದಿ ಅರ್ಧಕ್ಕ ಇತ್ತು. ಅಂಗಡ್ಯಾಗಿನ ಬ್ಲಾಂಕೆಟ್ ತಂದು ಸುತ್ತಿದ್ವಿ. ಅದಕ್ಕ ಹಂಗಾತು ಅನ್ನಂಗಿಲ್ಲ ನಾನು. ಅಷ್ಟು ತಿಳೀತೈತಿ ನನಗೂ. ಆದ್ರ ಈ ಸಲ ಯಾವುದೂ ಅರ್ಧಕ್ಕ ಇರಬಾರದು.”

ಅವರೇ ಮತ್ತೆ ಕೇಳಿದರು.

“ನೀವ ಬಿಚ್ಚಿ ಹೊಲಕೊಂಡಿದ್ರ ನನಗ ಗೊತ್ತಾಗತಿತ್ತೇನು?”

“ಇಲ್ಲ.”

“ಮತ್ತ ಬಸ್ ಹತ್ತಿ ಯಾಕ ಬಂದ್ರಿ?”

ಕೌದಿ ನಮ್ಮದಲ್ಲ, ಅದಕ್ಕೆ ಎಂದೆ.

ಎರಡು ವಾರ ಕಳೆದರೆ ಯಾವ ಮಾಸ ಬರುತ್ತದೆ ಎಂದು ಕೇಳಿದರು. ಕ್ಯಾಲೆಂಡರ್ ಅವರ ಬೆನ್ನ ಹಿಂದೆಯೇ ಇತ್ತು, ಆದರೂ ಕೇಳಿದರು. ಶ್ರಾವಣ ಎಂದೆ.

“ಶ್ರಾವಣದಾಗ ನಾ ಒಪ್ಪತ್ತು ಇರ್ತೀನಿ. ಒಂದ ಹೊತ್ತು ಊಟ. ಕೌದೀನೂ ಇರಲಿ ನನ್ನ ಜೋಡಿ, ಗ್ವಾಡಿ ಮ್ಯಾಲ. ಅಮಾಸಿ ಕಳದ ಮ್ಯಾಲ ನಾನ ತುತ್ತಿಟ್ಟು ಮುಚ್ಚತೀನಿ. ಆದ್ರ ಅಲ್ಲಿತನಾ ಮೂಲಿ ಹೊಲೀಬ್ಯಾಡ್ರಿ. ಬಾಯಿ ಹೊಲದು ಒಪ್ಪತ್ತು ಅನ್ನಾಕ ಬರಂಗಿಲ್ಲ.”

ಬರುವಾಗ ನಾಲ್ಕು ಕಟಕ ರೊಟ್ಟಿ ಕಟ್ಟಿಕೊಟ್ಟರು. ಸಂಗ್ರಹಾಲಯದೊಳಗೆ ಒಯ್ಯಬೇಡಿ, ಮನೆಗೇ ಒಯ್ಯಿರಿ ಎಂದು ಅವರೇ ಎಚ್ಚರಿಸಿದರು.

ಅದನ್ನು ಕಚೇರಿಯ ಭಾಷೆಗೆ ತರುವುದು ಸುಲಭವಿರಲಿಲ್ಲ. ತೆರೆದ ಮೂಲೆಯಿಂದ ಧೂಳು ಒಳಗೆ ಹೋಗುತ್ತದೆ ಎಂದು ಸಂಗ್ರಹಪಾಲಕಿ ಆಕ್ಷೇಪಿಸಿದಳು. ಅರೆಬರೆ ಕೆಲಸದ ಹಾಗೆ ಕಾಣುತ್ತದೆ ಎಂದು ನಿರ್ದೇಶಕರು. ಅರ್ಧ ದಿನದ ಮಾತಿನ ನಂತರ ಒಂದು ದಾರಿ ಕಂಡಿತು. ಮೂಲೆಯ ಒಳಬದಿಗೆ ತೆಳುವಾದ ಜಾಲರಿ ಬಟ್ಟೆಯನ್ನು ಸಡಿಲವಾಗಿ ಇಡುವುದು, ಹೊಲಿಯದೆ. ಹೊರಗಿನಿಂದ ಮೂಲೆ ತೆರೆದೇ ಕಾಣಬೇಕು. ಅಮಾವಾಸ್ಯೆ ಕಳೆದ ಮೇಲೆ ಇಳಿಸಿ ಅಜ್ಜಿಗೆ ಕೊಡುವುದು. ಬಿಚ್ಚುವುದನ್ನು ಉಗ್ರಾಣದಲ್ಲಿ ಮಾಡುವುದಿಲ್ಲ, ಭಾನುವಾರ ಎಲ್ಲರ ಮುಂದೆ ಮಾಡುತ್ತೇವೆ ಎಂದೂ ಸೇರಿಸಿದೆ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು, ಬೇಡ ಎನ್ನಲಿಲ್ಲ.

ಪಂಚಮಿ ಕಳೆದು ಎರಡನೆಯ ಭಾನುವಾರ. ತೊಗಲುಗೊಂಬೆಗಳಿಂದ ದೂರ, ಜಗಲಿಯ ಪಕ್ಕದ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಕಾಗದ ಹಾಸಿದ್ದೆವು. ಫ್ರೀಜರಿನಿಂದ ತೆಗೆದ ಚೀಲವನ್ನು ಒಂದು ದಿನ ಹಾಗೇ ಬಿಟ್ಟಿದ್ದೆವು. ತಣ್ಣನೆಯ ಬಟ್ಟೆಯನ್ನು ಒಮ್ಮೆಲೇ ತೆರೆದರೆ ತೇವ ಹಿಡಿಯುತ್ತದೆ. ಹೊಲಿಗೆ ಬಿಚ್ಚಲು ಸಂಗ್ರಹಪಾಲಕಿ ತನ್ನ ಸಣ್ಣ ಕತ್ತರಿ ತಂದಿದ್ದಳು. ಅಜ್ಜಿ ಅದನ್ನು ತೆಗೆದುಕೊಳ್ಳಲಿಲ್ಲ. ಸೂಜಿಯ ತುದಿಯಿಂದ ಒಂದೊಂದೇ ಟಾಕು ಎತ್ತಿ ದಾರವನ್ನು ಇಡಿಯಾಗಿ ಹೊರಗೆಳೆದರು. ಅದೇ ದಾರ ಮತ್ತೆ ಬೇಕು ಎಂದರು.

ಕಾಗದದ ಮೇಲೆ ಬಿದ್ದದ್ದು: ಒಂದು ಚಮಚದಷ್ಟು ಪುಡಿ, ಸತ್ತ ಹುಳ ಒಂಬತ್ತು, ಬೆರಳುದ್ದದ ರೊಟ್ಟಿಯ ಚೂರು. ಆ ಚೂರಿನಲ್ಲಿ ಜರಡಿಯ ಹಾಗೆ ತೂತುಗಳು. ಅಜ್ಜಿಯ ಮೊಮ್ಮಗಳು ಭೂತಗನ್ನಡಿ ಹಿಡಿದು ತೂತು ಎಣಿಸಲು ಶುರು ಮಾಡಿದಳು. ಒಬ್ಬ ತಂದೆ ಅವಳ ಎಣಿಕೆ ತಪ್ಪೆಂದು ತಾನೂ ಬಾಗಿ ಎಣಿಸಿದ. ಹುಳ ಒಳಗೆ ಹೇಗೆ ಹೋಯಿತು, ಹೊರಗೆ ಹೇಗೆ ಬಂತು, ಚಳಿಗೆ ಹೇಗೆ ಸತ್ತಿತು ಎಂದು ಸಂಗ್ರಹಪಾಲಕಿ ವಿವರಿಸಿದಳು. ತಾನು ನೋಡಿಕೊಳ್ಳುವ ವಸ್ತುಗಳ ಬಗ್ಗೆ ಆಕೆ ಇಷ್ಟು ಜನರೊಂದಿಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ರೂಪನಗುಡಿಯ ಒಬ್ಬಾಕೆ ತಮ್ಮ ಮನೆಯಲ್ಲಿ ರೊಟ್ಟಿಯಲ್ಲ, ಅಕ್ಕಿಕಾಳು ಇಡುತ್ತಾರೆ ಎಂದಳು. ಇನ್ನೊಬ್ಬಾಕೆ ತಮ್ಮಲ್ಲಿ ಏನೂ ಇಡುವುದಿಲ್ಲ, ಇದನ್ನು ಇಲ್ಲೇ ಮೊದಲು ಕಂಡದ್ದು, ಆದರೆ ಹಿರಿಯರು ಇಡುತ್ತಿದ್ದಾರಲ್ಲ ಎಂದು ಸುಮ್ಮನಿದ್ದೆ ಎಂದಳು. ಮೋಕದಾಕೆ ಕೌದಿಯ ಮೂಲೆ ತಟ್ಟಿ, “ಹದಿನೈದು ದಿನ ಅಷ್ಟ, ತಡಕೋ. ನಮ್ಮತ್ತಿ ವರ್ಷಾ ತಡಕಂತಾಳ, ಉಪಾಸದ ದಿನ ಅವಲಕ್ಕಿ ಮಾತ್ರ ಎರಡು ತಾಟು ತಿಂತಾಳ” ಎಂದಳು.

ಹನ್ನೊಂದೂವರೆಗೆ ಟಿಪ್ಪಣಿ ಪುಸ್ತಕ ತೆಗೆದು ಎಣಿಸಿದೆ. ಕೋಣೆಯಲ್ಲಿ ಮೂವತ್ತೊಂದು ಜನ. ಜಗಲಿಯಲ್ಲಿ ಯಾರೂ ಇಲ್ಲ.

ಸೋಮವಾರ ಕೌದಿ ಮತ್ತೆ ಗೋಡೆಗೆ ಏರಿತು. ಫಲಕ ಬದಲಿಸಿದೆ: ‘ಹನ್ನೊಂದು ಮನೆಗಳ ಹಳೆಯ ಬಟ್ಟೆ, ಜೀನ್ಸ್ ತುಂಡು, ಹತ್ತಿ ದಾರ, ಜೋಳದ ರೊಟ್ಟಿ. ಹಿಂದಿನ ಫಲಕದಲ್ಲಿ ರೊಟ್ಟಿಯ ಉಲ್ಲೇಖ ಬಿಟ್ಟುಹೋಗಿತ್ತು. ಹುಳ ಬಿದ್ದದ್ದರಿಂದ ರೊಟ್ಟಿಯನ್ನು ತೆಗೆಯಲಾಗಿದೆ. ಶ್ರಾವಣ ಮುಗಿಯುವವರೆಗೆ ಮೂಲೆ ತೆರೆದಿರುತ್ತದೆ.’ ಜನ ಕೌದಿಗಿಂತ ಹೆಚ್ಚು ಹೊತ್ತು ಫಲಕದ ಮುಂದೆ ನಿಲ್ಲುತ್ತಿದ್ದರು. ಆಮೇಲೆ ಬಗ್ಗಿ ಮೂಲೆ ನೋಡುತ್ತಿದ್ದರು.

ಅಮಾವಾಸ್ಯೆಗೆ ಇನ್ನೂ ಐದು ದಿನವಿತ್ತು, ಟ್ರಸ್ಟಿಗಳ ಸಭೆಗೆ ಮೂರು ದಿನ. ಬುಧವಾರ ಬೆಳಿಗ್ಗೆ ಅಜ್ಜಿಯ ಫೋನು ಬಂತು. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

“ಹೆಣ್ಣು. ಇಬ್ರೂ ಆರಾಮ ಅದಾರ. ಹದಿನೈದು ದಿನ ಮುಂಚೇನ ಬಂದೈತಿ, ಸಣ್ಣದೈತಿ. ಶುಕ್ರವಾರ ಮನಿಗೆ ಕಳಸ್ತಾರಂತ.”

ಕೌದಿಯ ಮಾತೆತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಯಾವುದು ಮೊದಲೋ ಆಗ ಎಂದು ಬರೆದವನು ನಾನೇ.

ನಿರ್ದೇಶಕರು ಶನಿವಾರದವರೆಗೆ ತಡೆಯಲು ಆಗುವುದಿಲ್ಲವೇ ಎಂದು ಕೇಳಿದರು. ಒಂದೇ ದಿನದ ಮಾತು. ಟ್ರಸ್ಟಿಗಳು ನೋಡಲಿ, ಅಂದೇ ಸಂಜೆ ನಾನೇ ಕಾರಿನಲ್ಲಿ ಕಳಿಸುತ್ತೇನೆ ಎಂದರು. ಸಮಂಜಸವಾದ ಮಾತೇ. ಒಂದು ದಿನದಲ್ಲಿ ಏನೂ ಕೆಡುತ್ತಿರಲಿಲ್ಲ ಎಂದು ಇಂದಿಗೂ ನನಗನಿಸುತ್ತದೆ. ಆದರೆ ಮಗು ಮನೆಗೆ ಬರುವ ದಿನ ಶುಕ್ರವಾರ. ಆ ದಿನ ಏನನ್ನಾದರೂ ಹೊದಿಸಲೇಬೇಕು. ಅಂಗಡಿಯ ಬ್ಲಾಂಕೆಟ್ಟಿನ ಮಾತನ್ನು ನಾನು ಅವರಿಗೆ ಹೇಳಲಿಲ್ಲ, ಹೇಳಿಕೊಳ್ಳುವ ಹಕ್ಕು ನನ್ನದಲ್ಲ. ಅವರ ಸಹಿ ಇದ್ದ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಓದಿದರು. ಹೊರಹೋಗುವ ವಸ್ತುವಿನ ನಮೂನೆ ತರಿಸಿ ಸಹಿ ಹಾಕಿದರು.

ಸಂಗ್ರಹಪಾಲಕಿ ನಮೂನೆಯ ‘ಹೊರಡುವಾಗಿನ ಸ್ಥಿತಿ’ ಎಂಬ ಅಂಕಣ ತುಂಬಿದಳು. ಅಂಚು ಗಟ್ಟಿ. ಕಲೆ ಇಲ್ಲ. ಕೆಳಗಿನ ಎಡ ಮೂಲೆ ನಾಲ್ಕು ಇಂಚು ತೆರೆದಿದೆ. ಕಾರಣ ಎಂಬಲ್ಲಿ ಸ್ವಲ್ಪ ಯೋಚಿಸಿ ‘ಒಪ್ಪತ್ತು’ ಎಂದು ಬರೆದಳು. ಪಕ್ಕದ ‘ತಲುಪಿದಾಗಿನ ಸ್ಥಿತಿ’ ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟಳು. ತೆಗೆದ ದಾರವನ್ನು ಪುಟ್ಟ ಚೀಲದಲ್ಲಿ ಹಾಕಿ ನಮೂನೆಗೆ ಪಿನ್ ಮಾಡಿದ್ದಳು. ಗೋಡೆಯಲ್ಲಿ ಕೊಕ್ಕೆಗಳು ಮತ್ತು ಫಲಕ ಹಾಗೇ ಉಳಿದವು.

ಶುಕ್ರ‍ವಾರ ಸಿರುಗುಪ್ಪದ ಬಸ್ಸಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸಿರಿಗೇರಿ ಕ್ರಾಸಿನಲ್ಲಿ ಹತ್ತಿದ ಒಬ್ಬಾತ ಇದೇನು ಮಾರಾಟಕ್ಕೋ ಎಂದು ಕೇಳಿದ. ಇಲ್ಲ, ತವರಿನದು ಎಂದೆ. ಯಾರ ತವರು ಎಂದು ಅವನು ಮುಂದೆ ಕೇಳಲಿಲ್ಲ.

ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಅಲ್ಲೆಲ್ಲ ಹೊಟ್ಟಿನ ವಾಸನೆ. ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು. ಮಗು ಪಕ್ಕದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ. ಅಜ್ಜಿ ಕೌದಿಯನ್ನು ಬಾಗಿಲಲ್ಲೇ ತೆಗೆದುಕೊಂಡು ಮೊದಲು ಮೂಲೆ ನೋಡಿದರು. ಜಾಲರಿ ಬಟ್ಟೆಯನ್ನು ಎಳೆದು ತೆಗೆದು ಮಡಿಸಿ ನನಗೆ ವಾಪಸು ಕೊಟ್ಟರು, ಇದು ನಿಮ್ಮ ಕಚೇರಿಯದು ಎಂದು.

ಅಮಾವಾಸ್ಯೆಗೆ ಇನ್ನೂ ಮೂರು ದಿನ ಇದೆಯಲ್ಲ ಎಂದೆ.

“ಒಪ್ಪತ್ತು ಅಂದ್ರ ಉಪಾಸ ಅಲ್ಲ ತಮ್ಮಾ. ಒಂದ ಹೊತ್ತು ಉಣ್ಣಾದು ಇದ್ದ ಇರತೈತಿ. ಆ ಹೊತ್ತು ಈಗ ಆತು.”

ಬುಟ್ಟಿಯಿಂದ ಕಟಕ ರೊಟ್ಟಿ ತೆಗೆದು ಮಗಳ ಕೈಗೆ ಕೊಟ್ಟರು. ಮಗಳು ಒಂದು ಚೂರು ಮುರಿದಳು. ಇನ್ನೂ ಸಣ್ಣದು ಮಾಡು, ಹುಳಕ್ಕೂ ಸಾಕಾಗುವಷ್ಟು ಬೇಡ ಎಂದರು ಅಜ್ಜಿ. ಮಗಳು ನಕ್ಕಳು, ಹೊಲಿಗೆ ನೋಯುತ್ತದೆ ಎಂದು ಗೋಡೆ ಹಿಡಿದುಕೊಂಡಳು. ಚೂರನ್ನು ಮೂಲೆಯೊಳಗೆ ಆಳಕ್ಕೆ ಇಟ್ಟಳು. ಅಜ್ಜಿ ಅದೇ ಹಳೆಯ ದಾರದಿಂದ ಮುಚ್ಚತೊಡಗಿದರು. ದಾರ ಗಂಟು ಹಾಕುವಷ್ಟೂ ಉಳಿಯಲಿಲ್ಲ. ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಸೇರಿಸಿದರು. ಆಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮಗುವನ್ನು ಅದರ ಮೇಲೆ ಮಲಗಿಸಿ, ಮೂಲೆಯನ್ನು ಕಾಲಿನ ಮೇಲೆ ಎಳೆದರು. ಮಗು ಒಮ್ಮೆ ಮುಖ ಕಿವಿಚಿ ಸುಮ್ಮನಾಯಿತು.

ಶನಿವಾರ ಟ್ರಸ್ಟಿಗಳು ಖಾಲಿ ಗೋಡೆಯ ಮುಂದೆ ನಿಂತು ಫಲಕ ಓದಿದರು. ಒಬ್ಬರು ಕೌದಿ ಎಲ್ಲಿ ಎಂದು ಕೇಳಿದರು. ಬಳಕೆಯಲ್ಲಿದೆ ಎಂದು ನಿರ್ದೇಶಕರೇ ಹೇಳಿದರು. ಕಾರ್ಯಕ್ರಮವನ್ನು ಇನ್ನೊಂದು ವರ್ಷ ನಡೆಸಬಹುದು ಎಂದು ತೀರ್ಮಾನವಾಯಿತು. ಕಾರ್ಯಕ್ರಮಕ್ಕೆ ಸೇರುವ ಮನೆಯವರು ತುಂಬುವ ಅರ್ಜಿ ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿಸಬೇಕು ಎಂಬ ಷರತ್ತಿನ ಮೇಲೆ. ಪ್ರಶ್ನೆಯನ್ನು ನಾನು ಬರೆದೆ: ಇದನ್ನು ನಿಮ್ಮ ಮನೆಯಲ್ಲಿ ಮಾಡುವಾಗ ಏನೇನು ಸೇರಿಸುತ್ತೀರಿ?

ಸೋಮವಾರ ನಮೂನೆಯನ್ನು ಸಂಗ್ರಹಪಾಲಕಿಗೆ ಹಿಂದಿರುಗಿಸಿದೆ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕೂತು ನಾನು ತುಂಬಿದ್ದ ಕೊನೆಯ ಅಂಕಣವನ್ನು ಆಕೆ ಓದಿದಳು. ‘ಮೂಲೆ ಮುಚ್ಚಿದೆ. ಒಳಗೆ ರೊಟ್ಟಿ ಇದೆ.’ ಆಕೆಯ ಕೈಯಲ್ಲಿ ದೋಷ ಗುರುತು ಹಾಕುವ ಕೆಂಪು ಪೆನ್ನಿತ್ತು. ಅದನ್ನು ಕೆಳಗಿಟ್ಟು, ನೀಲಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.